ಸಿಡಿಲ ಮೊಸಳೆಯ ತಮ್ಮ

ಪರದೆಯ ಮೇಲೆ ಯಾರ ಬಾಯಿ ಆಡಿದರೂ ಮಾತು ಮಾತ್ರ ನನ್ನದು. ಕಂಪಾಲಾದ ನಮ್ಮ ಕೇರಿಯ ಸಿನಿಮಾ ಶೆಡ್ಡಿಗೆ ಜನ ಬರುವುದು ಚಿತ್ರಕ್ಕಲ್ಲ, ಮೈಕು ಹಿಡಿದು ಚಿತ್ರದ ಮೇಲೆ ಮಾತು ಹೆಣೆಯುವ ಈ ವೀಜೆ ಕಯೊಂಡೊನ ಬಾಯಿಗೆ. ಚೀನಾದವನೊಬ್ಬ ಒದೆ ತಿಂದು ಏನೋ ಕಿರುಚಿದರೆ, "ಅಯ್ಯೋ, ನಮ್ಮತ್ತೆ ಕೈಲೂ ಇಷ್ಟು ತಿಂದಿರ್ಲಿಲ್ಲ!" ಎನ್ನುತ್ತೇನೆ. ಜನ ಬಿದ್ದು ಬಿದ್ದು ನಗುತ್ತಾರೆ. ನಟರ ದನಿ ಯಾರಿಗೆ ಬೇಕು? ನಾನು ಹಾಗೆಂದೇ ತಿಳಿದಿದ್ದೆ.

ಆ ಭಾನುವಾರ ಮಧ್ಯಾಹ್ನ ನಾಬುಕೆನ್ಯಾ ಬಂದು ನನ್ನ ಪಕ್ಕ ನಿಂತಳು. ಅವಳ ಮಗ ಮುಲೊಂಡೊ ಜ್ವರದಲ್ಲಿ ತೀರಿಕೊಂಡು ಎರಡು ತಿಂಗಳಾಗಿತ್ತು. ಅಂದು ತೆರೆ ಕಾಣಲಿದ್ದ 'ಸಿಡಿಲ ಮೊಸಳೆ'ಯ ಎರಡನೇ ಭಾಗದಲ್ಲಿ ಅವನು ನಾಯಕನ ತಮ್ಮ.

"ಕಯೊಂಡೊ, ನಾಳೆ ಬೆಳಿಗ್ಗೆ ಮಸಾಕದ ಬಸ್ಸಿಗೆ ಹೊರಡ್ತೀನಿ. ಇನ್ಮೇಲೆ ಅಣ್ಣನ ಮನೇಲೇ ಇರೋದು. ಮಗನ ದನಿ ಯಾವ ಫೋನಲ್ಲೂ ಇಲ್ಲಪ್ಪ. ಆ ಡೈರೆಕ್ಟರ್ ಕಿಬಿರಿಗೆನ ಎಷ್ಟು ಸಲ ಕೇಳಿದ್ರೂ 'ಶೆಡ್ಡಲ್ಲೇ ನೋಡಿ' ಅಂತಾನೆ. ನನ್ನ ಮಗ ಪರದೆ ಮೇಲೆ ಬಂದಾಗ ನೀನು ಒಂಚೂರು ಬಾಯಿ ಮುಚ್ಕೊಂಡಿರ್ತೀಯಾ?"

ಬೇರೆ ಯಾರಾದರೂ ಹೀಗೆ ಕೇಳಿದ್ದರೆ ಚೆನ್ನಾಗಿ ಮಂಗಳಾರತಿ ಎತ್ತಿ ಕಳಿಸುತ್ತಿದ್ದೆ. "ಮುಚ್ಕೋತೀನಿ ಅಕ್ಕ, ನಿಮ್ಮಾಣೆ," ಎಂದೆ.

ಮಾತು ಕೊಟ್ಟ ಮೇಲೆ ದಿಗಿಲು ಹತ್ತಿತು. ಐದು ಗಂಟೆಗೆ ಫುಟ್‌ಬಾಲ್ ಪಂದ್ಯವಿತ್ತು. ಆ ಹೊತ್ತಿಗೆ ನಾಯಕ ಬಂಡೆಯ ಅಂಚಿನಲ್ಲಿ ಜೋತಾಡುತ್ತಿದ್ದರೂ ಅವನನ್ನು ಹಾಗೇ ಬಿಟ್ಟು ಪಂದ್ಯ ಹಾಕುವುದು ನಮ್ಮ ಶೆಡ್ಡಿನ ಪದ್ಧತಿ. ಮುಲೊಂಡೊನ ದೃಶ್ಯವೋ ಕಟ್ಟಕಡೆಯಲ್ಲಿತ್ತು.

ನಿರ್ದೇಶಕ ಕಿಬಿರಿಗೆ ಒಳ್ಳೆಯವನೇ, ಆದರೆ ಅವನ ಬಾಯಲ್ಲಿ ಇಲ್ಲ ಎಂಬ ಮಾತು ಬರುವುದಿಲ್ಲ. ಮೊದಲ ಭಾಗ ಗೆದ್ದಿದ್ದೇ ತಡ, ಕೇರಿಗೆ ಕೇರಿಯೇ ಬಂದು ಅವನ ಅಂಗಳದಲ್ಲಿ ಕೂತಿತು. ಮಾಂಸದಂಗಡಿಯ ವಾಸ್ವಾ ತಾನೇ ಖಳನಾಗಬೇಕೆಂದ. ಕತ್ತಿಗಳು ಅವನವೇ, ಒಪ್ಪದೆ ವಿಧಿಯಿರಲಿಲ್ಲ. ಕ್ಷೌರದಂಗಡಿಯವನಿಗೆ ಕಾಲಯಂತ್ರ ಬೇಕಾಯಿತು. ಪಾದ್ರಿಗೆ ಪವಾಡ, ಮನೆ ಮಾಲೀಕನ ಅವಳಿ ಹೆಣ್ಣುಮಕ್ಕಳಿಗೆ ಹಾರುವ ಶಕ್ತಿ, ಫುಟ್‌ಬಾಲ್ ಕೋಚಿಗೆ ಮಂಗಳ ಗ್ರಹದವರ ಮೇಲೊಂದು ಪಂದ್ಯ! ಸಾಲದ್ದಕ್ಕೆ ನಾಯಕ ಮೊಸಳೆಗೆ ಮೂವರು ಪ್ರೇಯಸಿಯರು. ಯಾವ ಕತೆಗೂ ತಲೆಬುಡವಿರಲಿಲ್ಲ. ಅಷ್ಟನ್ನೂ ಹೊಲಿದು ಜನರಿಗೆ ದಾಟಿಸಬೇಕಾದವನು ನಾನು.

"ಈಗ ಪಾದ್ರಿ ಸಾಹೇಬ್ರು ಕೆರೆ ಮೇಲೆ ನಡೀತಾರೆ ನೋಡಿ! ಚಪ್ಪಲಿ ಮಾತ್ರ ದಡದಲ್ಲಿ ಬಿಡಲ್ಲ, ನಮ್ಮ ಕೇರಿ ಕಳ್ಳರು ಅವರಿಗೆ ಗೊತ್ತು!"

ಜನ ನಕ್ಕರು. ಮುಂದಿನ ಬೆಂಚಿನ ನಾಬುಕೆನ್ಯಾ ನಗಲಿಲ್ಲ. ಪರದೆಗೆ ಹೊಸ ಮುಖ ಬಂದಾಗಲೆಲ್ಲ ಕತ್ತು ಚಾಚುವಳು, ಅವನಲ್ಲವೆಂದು ಕಂಡು ಹಿಂದಕ್ಕೆ ಸರಿಯುವಳು. ಚಿತ್ರದ ಕಾಲಯಂತ್ರ ಬೇರೆ ಕೆಟ್ಟು ನಿಂತು, ನೋಡಿದ್ದನ್ನೇ ಮತ್ತೆ ನೋಡಬೇಕಾಯಿತು.

ನಾಲ್ಕೂವರೆ ದಾಟಿತು. ಪಂದ್ಯಕ್ಕೆ ಬಂದವರು ತಂಡದ ಅಂಗಿ ತೊಟ್ಟು ಹಿಂದೆ ತುಂಬಿಕೊಂಡರು. "ಲೋ ಕಯೊಂಡೊ, ನಿನ್ನ ಮೊಸಳೆನ ನೀರಿಗೆ ಬಿಟ್ಟು ಬಾಲ್ ಹಾಕೋ!" ಎಂದು ತಗಡಿನ ಗೋಡೆ ಬಡಿಯತೊಡಗಿದರು.

ಕಂಪ್ಯೂಟರಿನ ಮುಂದೆ ಕೂತಿದ್ದ ಕಿಬಿರಿಗೆಯ ಪಕ್ಕೆಗೆ ತಿವಿದೆ. "ಮುಂದಕ್ಕೋಡ್ಸು. ಮುಲೊಂಡೊ ಬರೋ ಕಡೆಗೆ."

"ಅದ್ಹೇಗಾಗತ್ತೆ? ಅವಳಿಗಳು ಇನ್ನೂ ಹಾರಿಲ್ಲ."

"ಹಾರೋದು ಬೇಡ, ಮನೆಗೆ ನಡ್ಕೊಂಡ್ಹೋಗ್ಲಿ! ಓಡ್ಸು ಅಂದ್ರೆ!"

"ಬೇಡ ಕಯೊಂಡೊ. ದಮ್ಮಯ್ಯ."

ಅವನ ಹಣೆಯಲ್ಲಿ ಬೆವರು ಇಳಿಯುತ್ತಿತ್ತು. ಈ ಹಾಳು ಕತೆಗಳ ಮೇಲೆ ಇವನಿಗೆ ಇನ್ನೂ ಎಂಥ ವ್ಯಾಮೋಹವಪ್ಪಾ ಎಂದು ನನಗೆ ಮೈಯೆಲ್ಲ ಉರಿಯಿತು. ಅವನ ಕೈ ತಳ್ಳಿ ನಾನೇ ಚಿತ್ರವನ್ನು ಮುಂದಕ್ಕೋಡಿಸಿದೆ. ಅವಳಿಗಳು ಹೋದರು, ಮಂಗಳ ಗ್ರಹ ಹೋಯಿತು. ಪರದೆಯ ತುಂಬ ಮುಲೊಂಡೊ ನಿಂತ. ಡಬ್ಬಿ ಕತ್ತರಿಸಿ ಮಾಡಿದ ಶಿರಸ್ತ್ರಾಣ, ಎದೆಯ ಮೇಲೆ ಕೈ. ಎದುರಿಗೆ ಎರಡು ಕತ್ತಿ ಹಿಡಿದ ವಾಸ್ವಾ.

"ಸುಮ್ನಿರ್ರೋ ಎಲ್ಲ!" ಎಂದು ಮೈಕಿನಲ್ಲಿ ಅಬ್ಬರಿಸಿದೆ. "ಈಗ ಯಾವನಾದ್ರೂ ಉಸಿರೆತ್ತಿದ್ರೆ ಬಾಲೂ ಇಲ್ಲ, ಗೀಲೂ ಇಲ್ಲ!"

ಮೈಕು ಕೆಳಗಿಟ್ಟು ಚಿತ್ರದ ದನಿಯನ್ನು ಪೂರ್ತಿ ಏರಿಸಿದೆ.

ಡೋಲು. ಬರೀ ಡೋಲಿನ ಸದ್ದು. ಮುಲೊಂಡೊನ ತುಟಿ ಆಡುತ್ತಲೇ ಇತ್ತು.

ಕಿಬಿರಿಗೆ ನನ್ನ ಕಿವಿಗೆ ಬಗ್ಗಿದ. "ದನಿ ಹಿಡಿದೇ ಇಲ್ಲ ಕಣೋ. ಹೇಗೂ ಮೇಲೆ ನೀನು ಮಾತಾಡ್ತೀಯಲ್ಲ ಅಂತ ನಾನು ಯಾವ ಚಿತ್ರಕ್ಕೂ ಹಿಡಿಯಲ್ಲ. ಅವಳಿಗೆ ಹೇಗೆ ಹೇಳ್ಲಿ?"

ನಾಬುಕೆನ್ಯಾ ತಿರುಗಿದಳು. "ಇನ್ನೂ ಜೋರು ಮಾಡಪ್ಪ, ಕೇಳಿಸ್ತಿಲ್ಲ."

"ಇಷ್ಟೇ ಇರೋದು ಅಕ್ಕ."

"ಮತ್ತೆ ಅವನೇನಂತಿದಾನೆ?"

ಊರಿನವರ ಬಾಯಿಗೆಲ್ಲ ಮಾತು ತುಂಬಿದವನು ನಾನು. ಅಭ್ಯಾಸಬಲ, ಕೈ ಮೈಕಿಗೆ ಹೋಯಿತು. ಅವಳು ತಲೆಯಾಡಿಸಿದಳು. "ನಿನ್ನ ಮಾತು ಬೇಡ ಕಯೊಂಡೊ. ಅವನದ್ದು ಬೇಕು."

ಶೆಡ್ಡಿನ ಕಣ್ಣೆಲ್ಲ ನನ್ನ ಮೇಲಿತ್ತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಆಗ ಹಿಂದಿನಿಂದ ಒಬ್ಬ ಎದ್ದು ನಿಂತ. ವಾಸ್ವಾ, ಅದೇ ಮಾಂಸದಂಗಡಿಯವನು.

"ಕೂತ್ಕೊಳೋ ಕಟುಕ!" ಎಂದರು ಯಾರೋ. ಅವನು ಕೂರಲಿಲ್ಲ.

"ಅಕ್ಕ, ನಾನು ಅಲ್ಲೇ ಎದುರಿಗಿದ್ನಲ್ಲ. ನಮಗೆ ಮಾತು ಅಂತ ಯಾರೂ ಬರ್ಕೊಡಲ್ಲ. ಬಾಯಾಡ್ಸಿ ಅಂತಾರೆ, ಬಾಯಿಗೆ ಬಂದಿದ್ದು ಹೇಳ್ತೀವಿ. ನಾನು ಅಲ್ಲಿ ಹಲ್ಲು ಕಡೀತಾ ಹೇಳ್ತಿರೋದು ಕರುಳಿನ ರೇಟು."

"ಅವನು?"

ವಾಸ್ವಾ ಅಂಗೈಯಿಂದ ಮೂಗು ಒರೆಸಿಕೊಂಡ. "ಅವನು, 'ಬೇಗ ಕೊಂದ್ಬಿಡು ವಾಸ್ವಾ. ನಾನು ಮನೆಗೆ ಹೋಗೋ ತನಕ ನಮ್ಮಮ್ಮ ತುತ್ತು ಬಾಯಿಗಿಡಲ್ಲ. ಬಾಳೆಕಾಯಿ ಮಟೋಕೆ ಆರೋಗತ್ತೆ, ನಮ್ಮಮ್ಮ ಹಸ್ಕೊಂಡಿರ್ತಾಳೆ' ಅಂತಿದ್ದ. ಮತ್ತೆ ಮತ್ತೆ ತೆಗೆದ್ರು, ಅವನು ಪ್ರತಿ ಸಲಾನೂ ಅದನ್ನೇ ಅಂದ."

ಯಾರೋ ನಗಲು ಹೋಗಿ ನಿಲ್ಲಿಸಿದರು. ನಾಬುಕೆನ್ಯಾ ಎದ್ದು ಪರದೆಯ ಹತ್ತಿರ ಹೋದಳು. "ಇನ್ನೊಂದ್ಸಲ ಹಾಕು. ಆ ಡೋಲು ಬೇಡ."

ಕಿಬಿರಿಗೆ ಸದ್ದು ಆರಿಸಿ ಮೊದಲಿನಿಂದ ಹಾಕಿದ. ಗೊತ್ತಾದ ಮೇಲೆ ನನಗೂ ಕಂಡಿತು: ತುಟಿಗಳು ಅಮ್ಮ ಅನ್ನುವಲ್ಲಿ ಕೂಡಿ ಬಿಡುತ್ತಿದ್ದವು. ನಾಬುಕೆನ್ಯಾಳ ತುಟಿಯೂ ಅವನ ಜೊತೆ ಆಡಿತು. ಪಂದ್ಯ ಶುರುವಾದ ಕೇಕೆ ಆಚೆ ಬೀದಿಯ ಶೆಡ್ಡಿನಿಂದ ಬಂತು. ನಮ್ಮಲ್ಲಿ ಯಾರೂ ಅಲುಗಾಡಲಿಲ್ಲ.

"ಆವತ್ತು ಶೂಟಿಂಗಿಂದ ಬರೋದು ತುಂಬ ತಡ ಮಾಡ್ದ," ಎಂದಳು, ಪರದೆಯಿಂದ ಕಣ್ಣು ಕೀಳದೆ. "ಕಾದು ಕಾದು ನಾನು ಉಂಡ್ಬಿಟ್ಟಿದ್ದೆ. ಅವನಿಗೆ ಹೇಳ್ಲಿಲ್ಲ ಕಣಪ್ಪ. ಅವನ ಜೊತೆ ಕೂತು ಇನ್ನೊಂದ್ಸಲ ಉಂಡೆ."