ಉಸಿರು ಹಿಡಿದ ಹಾರ್ಮೋನಿಯಂ

ಚರ್ಚಿನಲ್ಲಿ ಅವನನ್ನು ಎಲ್ಲರೂ ಬೀಗದಣ್ಣ ಎಂದೇ ಕರೆಯುತ್ತಿದ್ದರು. ಮನೆಗೆ ಬೀಗ ಹಾಕಿ, ಎಳೆದು ನೋಡಿ, ಬೀದಿಯ ತಿರುವಿನವರೆಗೆ ಹೋಗಿ, ಮತ್ತೆ ವಾಪಸು ಬಂದು ಎಳೆದು ನೋಡುವ ಮನುಷ್ಯನಿಗೆ ಬೇರೆ ಹೆಸರು ಹೊಂದುವುದೂ ಇಲ್ಲ. ವಾರವೆಲ್ಲ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವುದು ಅವನ ಕೆಲಸ. ಗಿರಾಕಿಗೆ ಕೊಟ್ಟು ಕಳಿಸಿದ ಮೇಲೆ, ಎಡಗಾಜು ಬಲಕ್ಕೆ ಹೋಗಿಬಿಟ್ಟಿತೇ ಎಂಬ ಅನುಮಾನ ಊಟದ ತಟ್ಟೆಯ ಮುಂದೆ ಕೂತಾಗ ಬಂದು ಹಿಡಿಯುತ್ತಿತ್ತು. ಭಾನುವಾರ ಮಾತ್ರ ಆರಾಧನೆಗೆ ಹಾರ್ಮೋನಿಯಂ ನುಡಿಸುತ್ತಿದ್ದ.

ಅದು ಕಾಲಿನಿಂದ ತುಳಿಯುವ ಹಳೆಯ ಹಾರ್ಮೋನಿಯಂ. ಪೆಡಲು ತುಳಿಯುತ್ತಿದ್ದರೆ ಒಳಗಿನ ತಿದಿಯಲ್ಲಿ ಗಾಳಿ ತುಂಬಿ ಸ್ವರ ಬರುತ್ತದೆ. ಕಾಲು ನಿಂತರೆ ಸ್ವರವೂ ನಿಲ್ಲುತ್ತದೆ. ಬೀಗದಣ್ಣನ ಕಾಲು ನಿಲ್ಲುವ ಮಾತೇ ಇರಲಿಲ್ಲ. ಇದ್ದಬದ್ದ ಗಾಬರಿಯೆಲ್ಲ ಕಾಲಿಗಿಳಿದು, ಅಲ್ಲಿಂದ ಬೆರಳಿಗೇರಿ, ಕೀರ್ತನೆಗಳು ಓಟ ಕೀಳುತ್ತಿದ್ದವು. ಸಭೆ ಅವುಗಳ ಬೆನ್ನು ಹತ್ತಿ ಓಡುತ್ತಿತ್ತು. ಇದರಿಂದ ಯಾರಿಗೂ ಬೇಜಾರಿರಲಿಲ್ಲ. ಆರಾಧನೆ ಬೇಗ ಮುಗಿದು, ಊಟ ಬಿಸಿಯಾಗಿರುವಾಗಲೇ ಎಲ್ಲರೂ ಮನೆ ಸೇರುತ್ತಿದ್ದರು. ನಮ್ಮ ಸಭೆಯ ಉತ್ಸಾಹ ಬೇರೆಲ್ಲೂ ಇಲ್ಲ ಎಂದು ಪಾದ್ರಿ ಅಯ್ಯನವರು ಹೊರಗಿನವರ ಮುಂದೆ ಹೇಳಿಕೊಳ್ಳುತ್ತಿದ್ದರು.

ಎಡವಟ್ಟಾದದ್ದು ಒಂದು ಮದುವೆಯಲ್ಲಿ. ಚರ್ಚಿನ ಖಜಾಂಚಿಯ ಮಗಳು ಅಪ್ಪನ ತೋಳು ಹಿಡಿದು ನಡುದಾರಿಯಲ್ಲಿ ಗಂಭೀರವಾಗಿ ಬರಬೇಕಿತ್ತು. ಬೀಗದಣ್ಣನ ವಾದ್ಯಕ್ಕೆ ಹೆಜ್ಜೆ ಹಾಕಿದ ಹುಡುಗಿ, ಹೊರಟ ಬಸ್ಸು ಹಿಡಿಯುವವಳ ಹಾಗೆ ಬಂದಳು. ಖಜಾಂಚಿ ಏದುಸಿರು ಬಿಡುತ್ತ ಹಿಂದೆಯೇ ಉಳಿದ. ನಿಧಾನ ಮಾಡಿ ಕೊಡುತ್ತೇನೆ ಎಂದು ವಿಡಿಯೋದವನು ಸಮಾಧಾನ ಹೇಳಬೇಕಾಯಿತು.

ಈಗ ಬೀಗದಣ್ಣನ ತಂಗಿಯ ಮಗಳಿಗೇ ಮದುವೆ ಗೊತ್ತಾಗಿತ್ತು. ಅಪ್ಪನಿಲ್ಲದ ಹುಡುಗಿ, ಆ ಹಾರ್ಮೋನಿಯಂ ಪಕ್ಕ ನೆಲದ ಮೇಲೆ ಕೂತು, ಮಾವನ ಕಾಲು ನೋಡುತ್ತ ಬೆಳೆದವಳು. ಆದರೆ ಗಂಡಿನ ಕಡೆಯವರು ಆ ವಿಡಿಯೋ ನೋಡಿಬಿಟ್ಟಿದ್ದರು. ನಮ್ಮ ಕಡೆ ಒಬ್ಬ ಕೀಬೋರ್ಡಿನವನಿದ್ದಾನೆ, ಹಿರಿಯರಿಗೆ ಯಾಕೆ ಸುಮ್ಮನೆ ತೊಂದರೆ ಎಂದು ಬಹಳ ಮರ್ಯಾದೆಯಿಂದ ಹೇಳಿ ಕಳಿಸಿದರು. ಹುಡುಗಿ ನೇರ ಕನ್ನಡಕದ ಅಂಗಡಿಗೇ ಬಂದಳು.

"ಮಾವ, ನೀನೇ ನುಡಿಸ್ಬೇಕು ಅಂತ ಅವರಿಗೆ ಹೇಳಿದ್ದಾಯ್ತು. ಆದ್ರೆ ನನ್ನ ನಡೆಸು ಮಾವ, ಓಡಿಸ್ಬೇಡ."

ಕೊನೆಗೆ ರಾಜಿಯಾಯಿತು. ಬೀಗದಣ್ಣ ನುಡಿಸಬಹುದು. ಆದರೆ ಕೀಬೋರ್ಡಿನವನು ಎದುರು ಬದಿಯಲ್ಲಿ ಸಿದ್ಧವಾಗಿ ಕೂತಿರುತ್ತಾನೆ. ಸ್ವಲ್ಪ ಹೆಚ್ಚುಕಮ್ಮಿಯಾದರೂ ಅವನು ಶುರು ಮಾಡಿಬಿಡುತ್ತಾನೆ. ಈ ರಾಜಿಯನ್ನು ಕೇಳಿದ ಮೇಲೆ ಬೀಗದಣ್ಣನಿಗೆ ಅನ್ನ ಸೇರದಾಯಿತು. ಅವನು ಅಮ್ಮನವರ ಶಾಂತಿ ಕೂಟಕ್ಕೆ ಸೇರಿದ.

ಅಮ್ಮನವರು ಎಂದರೆ ಪಾದ್ರಿಯವರ ಹೆಂಡತಿ. ಅವರ ಕೂಟದಲ್ಲಿ ತಡವಾಗಿ ಬಂದವರಿಗೆ ಶಾಂತಿಗಿಂತ ಮೊದಲು ಬೈಗುಳ ಸಿಗುತ್ತಿತ್ತು. ಕಲಿಸುವ ವಿಧಾನವೇನೋ ಸುಲಭ. ಉಸಿರು ಒಳಗೆ ಎಳೆಯುವಾಗ 'ಕರ್ತನೇ, ನೀನಿದ್ದೀ' ಎನ್ನಬೇಕು, ಮನಸ್ಸಿನಲ್ಲೇ. ಉಸಿರು ಹಿಡಿದು ಸುಮ್ಮನಿರಬೇಕು. ಬಿಡುವಾಗ 'ನನಗೇನು ಭಯ' ಎನ್ನಬೇಕು. ಕೂಟದಲ್ಲಿದ್ದ ಒಬ್ಬ ನಿವೃತ್ತ ಪೊಲೀಸ್ ಇನ್‌ಸ್ಪೆಕ್ಟರು ಉಸಿರು ಬಿಟ್ಟರೆ ಕಿಟಕಿಯ ಪರದೆ ಅಲುಗುತ್ತಿತ್ತು. ನನಗೆ ಈಗ ಏನೂ ಅನ್ನಿಸುವುದೇ ಇಲ್ಲ ಎಂದು ಅವರು ಹೇಳಿದರೆ, ನನಗೆ ಹೋದ ತಿಂಗಳಿಂದಲೇ ಅನ್ನಿಸುತ್ತಿಲ್ಲ ಎಂದು ಖಜಾಂಚಿ ಮೇಲೆ ಬೀಳುತ್ತಿದ್ದ. ಯಾರು ಹೆಚ್ಚು ಶಾಂತರು ಎಂದು ಇಬ್ಬರಿಗೂ ಕೈ ಕೈ ಮಿಲಾಯಿಸುವಷ್ಟಾಗಿ, ಅಮ್ಮನವರು ಅವರನ್ನು ಬೇರೆ ಬೇರೆ ಮೂಲೆಗೆ ಕೂರಿಸಿದ್ದರು.

ಬೀಗದಣ್ಣ ಶ್ರದ್ಧೆಯ ಮನುಷ್ಯ. ಅವನಿಗೆ ಹೊಸ ಚಿಂತೆಗಳು ಹುಟ್ಟಿದವು. ಪ್ರಾರ್ಥನೆ ಅರ್ಧದಲ್ಲಿರುವಾಗಲೇ ಉಸಿರು ಮುಗಿದರೆ ಅದು ಮೇಲೆ ತಲುಪುತ್ತದೆಯೇ? ಮೂಗು ಕಟ್ಟಿದ ದಿನ ಏನು ಮಾಡುವುದು? ಅಯ್ಯನವರನ್ನು ಕೇಳಿದ. ಅವರು ಕಿವಿಗಿಟ್ಟ ಫೋನು ತೆಗೆಯದೆ, ಉಳಿದದ್ದನ್ನು ಮುಂದಿನ ಉಸಿರಿಗೆ ಸೇರಿಸಿಕೊಳ್ಳಪ್ಪ ಎಂದು ಹೊರಟೇಹೋದರು. ಮನೆಯಲ್ಲಿ ಅವನು ಗೋಡೆಗೊರಗಿ ಎದೆಯ ಮೇಲೆ ಕೈಯಿಟ್ಟು ಅಭ್ಯಾಸ ಮಾಡುವುದನ್ನು ಹೆಂಡತಿ ತರಕಾರಿ ಹೆಚ್ಚುತ್ತ ನೋಡಿದಳು.

"ರೀ, ಮೊದ್ಲು ಬೀಗ ಒಂದೇ ಇತ್ತು. ಈಗ ಉಸಿರನ್ನೂ ಎಳೆದೆಳೆದು ನೋಡ್ತಿದ್ದೀರಲ್ಲ."

ಆದರೂ ಅದು ಕೆಲಸ ಮಾಡಿತು. ಒಂದು ಬೆಳಿಗ್ಗೆ ಬೀಗ ಹಾಕಿ ಬೀದಿಯ ತಿರುವು ದಾಟಿ, ಅಂಗಡಿಯ ಬಾಗಿಲಿಗೆ ಬಂದ ಮೇಲೆ, ತಾನು ಹಿಂದಿರುಗಿ ನೋಡಲೇ ಇಲ್ಲ ಎಂಬುದು ಬೀಗದಣ್ಣನಿಗೆ ಹೊಳೆಯಿತು. ಕಣ್ಣು ತುಂಬಿ ಬಂದು, ಗಾಜು ಉಜ್ಜುವ ಬಟ್ಟೆಯಲ್ಲೇ ಒರೆಸಿಕೊಂಡ.

ಆ ಭಾನುವಾರ ಅವನು ಉಸಿರಿನ ಪ್ರಾರ್ಥನೆ ಮಾಡುತ್ತಲೇ ನುಡಿಸಿದ. ಕೀರ್ತನೆಗಳು ಎತ್ತಿನ ಗಾಡಿಯಾದವು. ಒಂದೊಂದು ಸಾಲಿನ ಕೊನೆಗೆ ಹಾಡುವವರ ದಮ್ಮು ಕಟ್ಟಿತು. ಜನರ ದನಿಯಿದ್ದದ್ದರಿಂದ ಒಂದು ಸಂಗತಿ ಮಾತ್ರ ಯಾರ ಕಿವಿಗೂ ಬೀಳಲಿಲ್ಲ, ಅವನ ಕಿವಿಗೂ ಕೂಡ: ಉಸಿರು ಹಿಡಿದಾಗಲೆಲ್ಲ ಅವನ ಕಾಲೂ ನಿಲ್ಲುತ್ತಿತ್ತು.

ಊಟ ತಣ್ಣಗಾದ ಮೇಲೆ ಚರ್ಚಿನ ಕಮಿಟಿ ಸುಮ್ಮನಿದ್ದೀತೇ? ಅವನ ಶಾಂತಿಯಿಂದ ನಮ್ಮ ಶಾಂತಿ ಹೋಯಿತು ಎಂದು ಎಲ್ಲರಿಗಿಂತ ಜೋರಾಗಿ ಕೂಗಾಡಿದವರು ಇನ್‌ಸ್ಪೆಕ್ಟರು. ಮದುವೆಯಲ್ಲಿ ಹೇಗಾದರೂ ನುಡಿಸಲಿ, ಭಾನುವಾರ ಮಾತ್ರ ಮೊದಲಿನಂತೆ ಸ್ವಲ್ಪ ಗಾಬರಿಯಾಗಿಯೇ ನುಡಿಸಬೇಕು ಎಂದು ವಿನಂತಿ ಮಾಡುವುದೆಂದಾಯಿತು. ಅಮ್ಮನವರೂ ಒಪ್ಪಿ ಕೈಯೆತ್ತಿದರು, ಅವರ ಮನೆಯ ಒಲೆಯ ಮೇಲೂ ಅಡುಗೆ ಇತ್ತು.

ಮದುವೆಯ ದಿನ ಬಂತು. ಹುಡುಗಿ ಬಾಗಿಲಲ್ಲಿ ತಾಯಿಯ ತೋಳು ಹಿಡಿದು ನಿಂತಳು. ವಾದ್ಯ ಕೇಳಿಸಿದರೆ ಮಾತ್ರ ಹೆಜ್ಜೆ ಎಂದು ಅವಳಿಗೆ ಹೇಳಿಕೊಟ್ಟಿದ್ದರು. ಬೀಗದಣ್ಣ ಉಸಿರೆಳೆದು ಶುರು ಮಾಡಿದ. ಸ್ವರ ತುಂಬಿ ಬಂತು, ಹುಡುಗಿ ರಾಣಿಯ ಹಾಗೆ ಹೆಜ್ಜೆಯಿಟ್ಟಳು. ಅವನು ಉಸಿರು ಹಿಡಿದ. ಹಾರ್ಮೋನಿಯಂ ಸತ್ತಂತೆ ಸುಮ್ಮನಾಯಿತು. ಹುಡುಗಿ ನಿಂತಳು. ಅವನು ಉಸಿರು ಬಿಟ್ಟ. ಸ್ವರ ಬಂತು, ಹುಡುಗಿ ಹೊರಟಳು. ಮತ್ತೆ ಮೌನ. ಮತ್ತೆ ನಿಂತಳು. ಈ ಸಲ ಎಲ್ಲ ತಲೆಗಳೂ ಹಾರ್ಮೋನಿಯಂ ಕಡೆ ತಿರುಗಿದವು. ಆ ಮೌನದಲ್ಲಿ ಅಭ್ಯಾಸಬಲದಿಂದ ಇನ್‌ಸ್ಪೆಕ್ಟರು ಉಸಿರು ಬಿಟ್ಟು, "ನನಗೇನು ಭಯ" ಎಂದು ಗಟ್ಟಿಯಾಗಿಯೇ ಅಂದುಬಿಟ್ಟರು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು.

ಗಂಡಿನ ತಂದೆ ಕಣ್ಣಲ್ಲೇ ಸನ್ನೆ ಮಾಡಿದರು. ಕೀಬೋರ್ಡಿನವನು ಬೆರಳೆತ್ತಿದ.

ಬೀಗದಣ್ಣ ಅದನ್ನು ನೋಡಿದ. ಬಿಟ್ಟುಹೋಗಿದ್ದ ಗಾಬರಿ ಒಂದೇ ನೆಗೆತಕ್ಕೆ ಎದೆಯ ಮೇಲೆ ಬಂದು ಕೂತಿತು. ಬಂದದ್ದು ಬರಿಗೈಯಲ್ಲಿ ಬರಲಿಲ್ಲ: ಇವತ್ತು ಮನೆಗೆ ಬೀಗ ಹಾಕಿದೆನೇ? ಕಾಲು ಓಡಲು ತವಕಿಸಿತು. ಎಳೆಯುವಾಗ ಏನು ಹೇಳಬೇಕು, ಬಿಡುವಾಗ ಏನು, ಎಲ್ಲ ಮರೆತುಹೋಯಿತು. ನಡುದಾರಿಯಲ್ಲಿ ನಿಂತಿದ್ದ ಹುಡುಗಿ ಕೀಬೋರ್ಡಿನವನ ಕಡೆ ತಿರುಗಿ ಬೇಡವೆಂದು ತಲೆಯಾಡಿಸಿದಳು. ಆಮೇಲೆ ಮಾವನನ್ನು ನೋಡಿದಳು.

"ನಾನಿಲ್ಲೇ ನಿಂತಿರ್ತೀನಿ ಮಾವ. ನೀನು ಬಾ."

ಬೀಗದಣ್ಣನ ಬಾಯಿಂದ ಆಗ ಬಂದ ಪ್ರಾರ್ಥನೆ ಯಾವ ಕೂಟದಲ್ಲಿ ಕಲಿತದ್ದೂ ಅಲ್ಲ. ಅಪ್ಪಾ, ಬೀಗ ನೀನು ನೋಡ್ಕೋ, ನನಗೀಗ ಕೆಲಸ ಇದೆ, ಎಂದು ಗೊಣಗಿ ಪೆಡಲು ತುಳಿದ. ಉಸಿರು ತನ್ನ ಪಾಡಿಗೆ ತಾನು ಬಂತು, ಹೋಯಿತು. ಕಾಲು ಅದನ್ನು ಕೇಳಲಿಲ್ಲ. ಅವನು ಹುಡುಗಿಯ ಪಾದಗಳನ್ನೇ ನೋಡುತ್ತ, ಅವು ಊರಿದಾಗ ಊರಿ, ಎತ್ತಿದಾಗ ಎತ್ತಿ ನುಡಿಸಿದ. ಅವಳು ಓಡಲಿಲ್ಲ, ನಿಲ್ಲಲಿಲ್ಲ, ನಡೆದೇ ಬಂದು ಹುಡುಗನ ಪಕ್ಕ ಸೇರಿದಳು. ಕೀಬೋರ್ಡಿನವನು ಕೈ ಮಡಿಲಲ್ಲಿಟ್ಟುಕೊಂಡು, ಊಟದ ಹಾಲ್ ಯಾವ ಕಡೆ ಎಂದು ಪಕ್ಕದವರನ್ನು ಕೇಳಿದ.

ಸಂಜೆ ಗಂಡಹೆಂಡತಿ ಮನೆಗೆ ಬಂದಾಗ ಬೀಗ ಕೊಂಡಿಯಲ್ಲಿ ಬಾಯಿ ಬಿಟ್ಟುಕೊಂಡು ತೂಗುತ್ತಿತ್ತು. ಬಾಗಿಲನ್ನು ಬರೀ ಮುಂದಕ್ಕೆ ಎಳೆದಂತಿತ್ತು. ಹೆಂಡತಿ ಒಳಗೆ ನುಗ್ಗಿ ಬೀರು ತೆಗೆದು, ಹಾಸಿಗೆಯಡಿ ಕೈ ಹಾಕಿ, ಎಲ್ಲ ಇದ್ದಲ್ಲೇ ಇರುವುದನ್ನು ಕಂಡು ಕುರ್ಚಿಯ ಮೇಲೆ ಕುಸಿದಳು. ಬೀಗದಣ್ಣ ಹೊಸ್ತಿಲಲ್ಲೇ ನಿಂತು, ಬೀಗವನ್ನು ನಿಧಾನವಾಗಿ ಕೊಂಡಿಯಿಂದ ಬಿಡಿಸಿಕೊಂಡ.

"ಅವನೇ ನೋಡ್ಕೊಂಡಿದ್ದಾನೆ ಕಣೇ," ಎಂದ.

"ಒಂದು ದಿನ ನೋಡ್ಕೊಂಡ. ನಾಳೆಯಿಂದ ನೀವೇ ನೋಡ್ಕೊಳ್ಳಿ," ಎಂದಳು ಅವಳು, ಎದೆಯ ಮೇಲೆ ಕೈಯಿಟ್ಟು ಉದ್ದಕ್ಕೆ ಉಸಿರೆಳೆಯುತ್ತ.