ಡಬ್ಬಿಯ ಪಾಲು

ಗಂಡ ಹೆಂಡಿರು ಬೇರೆಯಾಗುವಾಗ ಕಷ್ಟವಾಗುವುದು ಪಾತ್ರೆ ಪಡಗ, ಮೇಜು ಕುರ್ಚಿ ಹಂಚಿಕೊಳ್ಳುವುದು ಅಂತ ಜನ ಅಂದುಕೊಂಡಿರುತ್ತಾರೆ. ಅದೇನು ಮಹಾ! ಇವರಿಬ್ಬರ ಮನೆಯಲ್ಲಿ ಅದೆಲ್ಲ ಒಂದೇ ಮಧ್ಯಾಹ್ನದಲ್ಲಿ ಮುಗಿದುಹೋಗಿತ್ತು. 'ನಿನಗೇ ಇರಲಿ' ಅಂದ ಅವನು. 'ನನಗ್ಯಾಕೆ, ನೀನೇ ತಗೊಂಡ್ ಹೋಗು' ಅಂದಳು ಅವಳು. ಕೊನೆಗೆ ಒಂದು ಕುಕ್ಕರು ಇಬ್ಬರಿಗೂ ಬೇಡವಾಗಿ, ಕೆಳಗಡೆಯ ಕನ್ನಡಕದಂಗಡಿಯವನಿಗೆ ಲಾಭವಾಯಿತು. ತೊಡಕಾಗಿದ್ದು ಡಬ್ಬಿಯೊಂದೇ.

ಡಬ್ಬಿ ಅಂದರೆ ತಗಡಿನದಲ್ಲ, ಪ್ಲಾಸ್ಟಿಕ್ಕಿನದೂ ಅಲ್ಲ. ಅದು ಕಂಪ್ಯೂಟರಿನಲ್ಲಿದ್ದ ಒಂದು ಫೈಲು. ಗಣಿತ, ವಿಜ್ಞಾನದ ಪುಸ್ತಕಗಳನ್ನು ಅಚ್ಚಿಗೆ ಸಿದ್ಧಮಾಡಿಕೊಡುವುದು ಇವರ ಕಸುಬು, ಅದಕ್ಕೆ ಟೆಕ್ ಅನ್ನುವ ವ್ಯವಸ್ಥೆ. ಅದರಲ್ಲಿ ಪುಟವನ್ನು ಅಲ್ಲಿಲ್ಲಿ ಎಳೆದು ಕೂರಿಸುವ ಹಾಗಿಲ್ಲ. ಏನು ಬೇಕೋ ಅದನ್ನು ಆಜ್ಞೆಗಳಲ್ಲಿ ಬರೆಯಬೇಕು. ಒಂದೊಂದು ಪ್ರಮೇಯಕ್ಕೂ ಅದೇ ಆಜ್ಞೆಗಳನ್ನು ಬರೆಯುತ್ತ ಕೂತರೆ ಆಯಸ್ಸು ಸಾಲುವುದಿಲ್ಲ. ಅದಕ್ಕೇ ಅವನ್ನೆಲ್ಲ ಒಟ್ಟುಗೂಡಿಸಿ ಒಂದು ಹೆಸರಿಟ್ಟುಬಿಡುತ್ತಾರೆ. ಆಮೇಲೆ ಆ ಹೆಸರು ಹೇಳಿದರೆ ಸಾಕು, ಚೌಕಟ್ಟು, ಅಂಕಿ, ಅಂತರ ಎಲ್ಲ ತಾವಾಗಿ ಬಂದು ಕೂರುತ್ತವೆ. ಅದೇ ಮ್ಯಾಕ್ರೋ. ಮದುವೆಯಾದ ಹೊಸತರಿಂದ ಇಬ್ಬರೂ ಸೇರಿ ಬರೆದ ಮ್ಯಾಕ್ರೋಗಳೆಲ್ಲ ಆ ಡಬ್ಬಿಯಲ್ಲಿದ್ದವು. ಇವರು ಮಾಡಿದ ಅಷ್ಟೂ ಪುಸ್ತಕ ಅದರ ಮೇಲೇ ನಿಂತಿತ್ತು.

ಅವನಿಗೆ ಕಸುಬಿನವರು ಇಟ್ಟಿದ್ದ ಹೆಸರು ಕೂದಲೆಳೆ. ಅಕ್ಷರದ ನಡುವೆ ಕೂದಲೆಳೆಯಷ್ಟು ಜಾಗ ಹೆಚ್ಚು ಕಮ್ಮಿಯಾದರೂ ಆ ಮಹಾರಾಯನಿಗೆ ಅನ್ನ ಇಳಿಯುತ್ತಿರಲಿಲ್ಲ. ಪುಟವನ್ನು ಕಣ್ಣಿಗೆ ಹಿಡಿದು, ಓರೆಮಾಡಿ, ದೂರವಿಟ್ಟು, ಮತ್ತೆ ಹತ್ತಿರ ತಂದು, 'ಇಲ್ಲ, ಏನೋ ಸರಿಯಿಲ್ಲ' ಅನ್ನುತ್ತಿದ್ದ. ಏನು ಸರಿಯಿಲ್ಲ ಅಂತ ಹೇಳಲು ಅವನಿಗೆ ಬರುತ್ತಿರಲಿಲ್ಲ. ಗೆರೆ, ಅಳತೆಯಂಥ ನೇರ ಮ್ಯಾಕ್ರೋಗಳನ್ನು ಅವನೂ ಬರೆಯುತ್ತಿದ್ದ, ಇಂಥ ನಾಜೂಕಿನದನ್ನು ಕಂಡುಹಿಡಿದು ಆಜ್ಞೆಯಾಗಿ ಬರೆಯುವುದು ಮಾತ್ರ ಅವಳ ಪಾಲಿನ ಕೆಲಸ. ಅವನ ಕಣ್ಣು, ಅವಳ ಕೈ. ಹಾಗೆ ನಡೆಯುತ್ತಿತ್ತು ಅಂಗಡಿ.

ಮಾಳಿಗೆಯ ಮೇಲೆ ಎರಡು ಕೋಣೆ, ನಡುವೆ ಒಂದು ಬಾಗಿಲು. ಈಚೆ ಅವಳು, ಆಚೆ ಅವನು. ಅವನ ಕೋಣೆಯ ಮೂಲೆಯಲ್ಲಿ ಪ್ರೂಫ್ ತಿದ್ದುತ್ತ ಅವನ ತಂಗಿ. ಎರಡು ಕಂಪ್ಯೂಟರಾದ ಶುರುವಿನಲ್ಲೊಮ್ಮೆ ಇಬ್ಬರೂ ಒಂದೇ ಹೊತ್ತಿಗೆ ಡಬ್ಬಿ ತೆರೆದು, ಅವಳು ತಿದ್ದಿದ್ದರ ಮೇಲೆ ಅವನು ತಿದ್ದಿ, ಅವಳ ಇಡೀ ಬೆಳಗಿನ ಕೆಲಸ ಮಣ್ಣುಪಾಲಾಗಿತ್ತು. ಆವತ್ತು ಒಂದು ಕಟ್ಟಳೆ ಮಾಡಿಕೊಂಡರು. ಡಬ್ಬಿಯಲ್ಲಿ ಏನೇ ಬದಲಾಯಿಸಲಿ, ಯಾವುದು ಅಂತ ಹೆಸರು ಹೇಳಿ 'ಬದಲಾಯ್ತು' ಅಂತ ಕೂಗಬೇಕು. ಆಚೆಯಿಂದ 'ಕೇಳಿಸ್ತು' ಅಂತ ಬರಬೇಕು. ಬಂದಮೇಲಷ್ಟೇ ಸೇವ್ ಮಾಡಬೇಕು. ಕೆಲಸ ಕೊಡಲು ಬಂದ ಒಬ್ಬ ಪ್ರಕಾಶಕ, 'ಇದೇನ್ರೀ, ಪುಸ್ತಕ ಮಾಡ್ತೀರೋ ಬಸ್ಸಿಗೆ ಜನ ಹತ್ತಿಸ್ತೀರೋ?' ಅಂತ ನಕ್ಕಿದ್ದ. ಅವರೂ ನಕ್ಕಿದ್ದರು.

ವರ್ಷಗಟ್ಟಲೆ ಕೂಗಿದರೆ ಯಾವ ಮಾತೂ ಸವೆದುಹೋಗುತ್ತದೆ. ಒಂದು ದಿನ ಅವನು ಕೋಷ್ಟಕದ ಗೆರೆಗಳ ಅಂತರ ತಿದ್ದಿದ. ಅಂಥದ್ದೇನಲ್ಲ, ಅವನ ಹೆಸರಿಗೆ ತಕ್ಕಷ್ಟೇ. ಆದರೆ ಹಳೆಯ ಪಠ್ಯಪುಸ್ತಕವೊಂದು ಮರುಮುದ್ರಣಕ್ಕೆ ಹೊರಟಿತ್ತು, ಅದೂ ಅದೇ ಮ್ಯಾಕ್ರೋ ಬಳಸುತ್ತಿತ್ತು. ಒಂದೊಂದು ಕೋಷ್ಟಕವೂ ಒಂಚೂರು ಬೆಳೆದು, ಸಾಲುಗಳು ಮುಂದಿನ ಪುಟಕ್ಕೆ ಜಾರಿ, ಕೊನೆಯಲ್ಲಿ ಕೈಯಿಂದ ಕೂರಿಸಿದ್ದ ಪದಸೂಚಿಯ ಪುಟಸಂಖ್ಯೆಗಳೆಲ್ಲ ಸುಳ್ಳಾದವು. ಅಚ್ಚಾದ ಪ್ರತಿಯೆಲ್ಲ ರದ್ದಿಗೆ ಹೋಯಿತು.

'ಕೂಗಲೇ ಇಲ್ಲ ನೀನು' ಅಂದಳು ಅವಳು.

'ಕೂಗಿದೆ. ನೀನೇ ಕೇಳಿಸ್ತು ಅಂದೆ.'

'ಸುಳ್ಳು ಹೇಳ್ಬೇಡ.'

'ಸುಳ್ಳಾ? ನಾನಾ?'

ಅಲ್ಲಿಂದ ಶುರುವಾಗಿದ್ದು ಎಲ್ಲಿಗೋ ಹೋಯಿತು. ಅವನು ಕೂಗಿದ್ದೂ ನಿಜ, ಅವಳು 'ಕೇಳಿಸ್ತು' ಅಂದಿದ್ದೂ ನಿಜ, ಅವಳಿಗೆ ಕೇಳಿಸದೆ ಇದ್ದದ್ದೂ ನಿಜ. ಬಾಯಿ ತಾನಾಗಿ ಉತ್ತರ ಕೊಟ್ಟಿತ್ತು, ಅಷ್ಟೇ. ಇದು ಅವಳಿಗೆ ಆಮೇಲೆ ಹೊಳೆಯಿತು. ಅಷ್ಟು ಹೊತ್ತಿಗೆ ಆಡಬಾರದ ಮಾತೆಲ್ಲ ಇಬ್ಬರೂ ಆಡಿಯಾಗಿತ್ತು. ಮುಖ ಊದಿಸಿಕೊಂಡು ಕೂತವರು ಹಾಗೇ ಕೂತುಬಿಟ್ಟರು. ಊಟಕ್ಕೆ ಕರೆಯುವುದು ನಿಂತಿತು, ಎಲ್ಲಿಗೆ ಹೊರಟೆ ಅಂತ ಕೇಳುವುದು ನಿಂತಿತು. ಕೊನೆಗೆ ಉಳಿದಿದ್ದು ಆ ಎರಡು ಮಾತು, ಬದಲಾಯ್ತು, ಕೇಳಿಸ್ತು. ಅವಳೋ, ಅವನ ದನಿ ಕೇಳಬೇಕು ಅನ್ನಿಸಿದಾಗ ಡಬ್ಬಿ ತೆರೆದು, ಸುಮ್ಮಸುಮ್ಮನೆ ಎಲ್ಲೋ ಒಂದು ಖಾಲಿ ಸಾಲು ಸೇರಿಸಿ 'ಬದಲಾಯ್ತು' ಅನ್ನುತ್ತಿದ್ದಳು. ಅಯ್ಯೋ, ಎಂಥ ಅವಸ್ಥೆ ನೋಡಿ.

ಬೇರೆ ಊರಿನ ಮುದ್ರಣಾಲಯವೊಂದು ಅವನನ್ನು ಕರೆಯಿತು. ಅವನು ಹೋಗುವುದು ಅಂತ ತೀರ್ಮಾನವಾಯಿತು. ಹೋಗುವವನು ಬರುವುದಿಲ್ಲ ಅಂತಲೂ ತೀರ್ಮಾನವಾಯಿತು. ಅದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ.

'ಅತ್ತಿಗೆ, ಅಣ್ಣ ಡಬ್ಬಿ ಕೇಳ್ತಿದಾನೆ' ಅಂದಳು ತಂಗಿ, ಬಾಗಿಲ ಚೌಕಟ್ಟಿಗೆ ಒರಗಿಕೊಂಡು. ಈ ಮನೆಯಲ್ಲಿ ಅವಳೀಗ ಅಂಚೆಯವಳಾಗಿದ್ದಳು.

'ಕಾಪಿ ಮಾಡ್ಕೊಳ್ಳಕ್ಕೆ ಹೇಳು. ಇಡೀದು ತಗೊಂಡ್ ಹೋಗ್ಲಿ.'

'ನಾನೂ ಅದೇ ಅಂದೆ. ಬೇಡವಂತೆ.' ತಂಗಿ ಉಗುರು ನೋಡಿಕೊಂಡಳು. 'ತಾನು ಬರೆದಿದ್ದಷ್ಟೇ ಸಾಕಂತೆ. ನೀವು ಬರೆದಿದ್ದು ಬೇಡವಂತೆ.'

ಆ ಮಾತು ಅವಳ ಎದೆಗೆ ಸರಿಯಾಗಿ ನಾಟಿತು. ಕುಕ್ಕರು ಬೇಡ ಅಂದಾಗ ನೋವಾಗಿರಲಿಲ್ಲ. 'ಆಗ್ಲಿ, ಬೇರೆ ಮಾಡಿಕೊಡ್ತೀನಿ ಅನ್ನು' ಅಂದಳು.

ಹೇಳುವುದು ಸುಲಭ, ಬೇರೆ ಮಾಡುವುದು ಎಲ್ಲಿಂದ? ಅವನ ಅಧ್ಯಾಯದ ಶಿರೋನಾಮೆಯ ಒಳಗೆ ಅವಳ ಅಂತರ ಕೂತಿತ್ತು. ಅವಳ ಪ್ರಮೇಯದ ಚೌಕಟ್ಟಿಗೆ ಅವನ ಗೆರೆ. ಅವನ ಅಡಿಟಿಪ್ಪಣಿ ಅವಳ ಅಂಕಿಯನ್ನು ಕರೆಯುತ್ತಿತ್ತು, ಅವಳ ಅಂಕಿ ಮತ್ತೆ ಅವನ ಅಕ್ಷರದ ಅಳತೆಯನ್ನು ಕರೆಯುತ್ತಿತ್ತು. ಯಾವುದು ಯಾರದು ಅಂತ ಬರೆದವರಿಗೇ ಗೊತ್ತಾಗುವ ಹಾಗಿರಲಿಲ್ಲ. ಆದರೂ ಹಲ್ಲು ಕಚ್ಚಿ ಕೂತಳು. ಅವನದರಲ್ಲಿ ತನ್ನ ಮ್ಯಾಕ್ರೋದ ಹೆಸರು ಬಂದಲ್ಲೆಲ್ಲ ಅದನ್ನು ತೆಗೆದು, ಅದು ಮಾಡುತ್ತಿದ್ದ ಕೆಲಸವನ್ನು ಬಿಡಿಸಿ ಬರೆದಳು. ಹಾಗೆ ಬರೆದದ್ದೂ ತನ್ನ ಕೈಯದೇ ಅಲ್ಲವೇ ಅಂತ ಅನ್ನಿಸಿ ಒಂದು ಕಹಿ ನಗೆ ಬಂತು. ಬೇಡ ಅಂದರೆ ಬಿಡುತ್ತದೆಯೇ!

ಹಾಗೆ ಬಿಡಿಸುತ್ತ ಬಿಡಿಸುತ್ತ 'ಉಸಿರು' ಹತ್ತಿರ ಬಂದು ನಿಂತಳು.

ಸಾಲುಗಳ ನಡುವೆ ಸಮೀಕರಣ ಬಂದಾಗ ಅದರ ಮೇಲೆ ಕೆಳಗೆ ಎಷ್ಟು ಜಾಗ ಬಿಡಬೇಕು ಅನ್ನುವುದನ್ನು ನೋಡಿಕೊಳ್ಳುತ್ತಿದ್ದ ಮ್ಯಾಕ್ರೋ ಅದು. ಡಬ್ಬಿಗೆ ಬಿದ್ದ ಮೊದಲನೆಯದು. ಆಗ ಒಂದೇ ಕಂಪ್ಯೂಟರು, ಒಂದೇ ಕುರ್ಚಿ. ಅವಳು ಕೂತು ಬರೆಯುವುದು, ಅವನು ಹಿಂದೆ ನಿಂತು ಅವಳ ಹೆಗಲ ಮೇಲೆ ಗದ್ದ ಊರಿ ನೋಡುವುದು. 'ಪಾಪ, ಸಮೀಕರಣಕ್ಕೆ ಉಸಿರು ಕಟ್ತಿದೆ ಕಣೇ.' ಅವಳು ಸಡಿಲಿಸುವಳು. 'ಈಗ ತೀರಾ ಆಕಳಿಸ್ತಿದೆ.' ಮತ್ತೆ ಬಿಗಿ ಮಾಡುವಳು. ಒಂದೇ ಅಳತೆ ಎಲ್ಲ ಕಡೆ ಸರಿಹೋಗುವುದಿಲ್ಲ ಅಂತ ಹಾಗೆ ಗೊತ್ತಾಗಿದ್ದು. ಮೇಲಿನ ಸಾಲು ಗಿಡ್ಡವಾಗಿದ್ದರೆ ಒಂದು, ಉದ್ದವಾಗಿದ್ದರೆ ಇನ್ನೊಂದು. ಪುಟ ತುಂಬಿದ್ದರೆ ತಾನೇ ಕುಗ್ಗಬೇಕು, ಖಾಲಿಯಿದ್ದರೆ ತಾನೇ ಹಿಗ್ಗಬೇಕು. ಒಂದು ವಾರವೆಲ್ಲ ಗುದ್ದಾಡಿದಮೇಲೆ ಅವನು ಪುಟವನ್ನು ಬೆಳಕಿಗೆ ಹಿಡಿದು, ಬಹಳ ಹೊತ್ತು ನೋಡಿ, 'ಹಾಂ, ಇದು' ಅಂದಿದ್ದ. ಆ 'ಹಾಂ, ಇದು' ಅವಳ ಕಿವಿಯಲ್ಲಿ ಇನ್ನೂ ಇತ್ತು.

ಅದನ್ನು ಅವಳು ಬಿಡಿಸಿ ಬರೆಯಲಿಲ್ಲ. ಅವನ ಮ್ಯಾಕ್ರೋಗಳಲ್ಲಿ 'ಉಸಿರು' ಅನ್ನುವ ಕರೆಯನ್ನು ಹಾಗೇ ಬಿಟ್ಟಳು, ಉಸಿರನ್ನು ಮಾತ್ರ ಅವನ ಫೈಲಿಗೆ ಹಾಕಲಿಲ್ಲ. ಮರೆತದ್ದಲ್ಲ. ಬೇಕಂತಲೇ. ಅಲ್ಲಿ ಮೊದಲ ಸಮೀಕರಣ ಬಂದ ಕೂಡಲೇ ಯಂತ್ರ ನಿಲ್ಲುತ್ತದೆ, ಈ ಹೆಸರು ನನಗೆ ಗೊತ್ತಿಲ್ಲ ಅನ್ನುತ್ತದೆ. ಆ ಅಂತರವನ್ನು ಕಣ್ಣಲ್ಲಿ ಹಿಡಿಯುವುದು ಅವನಿಗೆ ಬರುತ್ತದೆ, ಬರೆಯುವುದು ಬರುವುದಿಲ್ಲ. ಕೂದಲೆಳೆ ತಾನೇ, ಅರೆಬರೆ ಮಾಡಿ ಕಳಿಸುವ ಪೈಕಿ ಅಲ್ಲ. ಫೋನ್ ಮಾಡಲೇಬೇಕು. ಫೋನ್ ಮಾಡಿದರೆ ಮಾತಾಡಬೇಕು. ಮಾತು ಶುರುವಾದರೆ, ಯಾರಿಗೆ ಗೊತ್ತು? ಅವಳ ಆಸೆಯೆಲ್ಲ ಆ ಒಂದು ಮ್ಯಾಕ್ರೋದ ಮೇಲೆ ನಿಂತಿತು.

ಹೊರಡುವ ಬೆಳಿಗ್ಗೆ ಅವನು ಚೀಲ ಹೆಗಲಿಗೇರಿಸಿ ಬಾಗಿಲಲ್ಲಿ ನಿಂತ. ಅವಳು ಪೆನ್‌ಡ್ರೈವ್ ಕೊಟ್ಟಳು.

'ಒಂದು ಪುಟ ಓಡಿಸಿ ನೋಡ್ತೀಯಾ?' ಅಂದಳು.

'ಬೇಡ. ಸರಿಯಾಗೇ ಇರತ್ತೆ.'

'ಏನಾದ್ರೂ ನಿಂತ್ರೆ ಫೋನ್ ಮಾಡು.'

ಅವನು ಪೆನ್‌ಡ್ರೈವನ್ನು ಜೇಬಿಗೆ ಹಾಕಿ, ಜೇಬನ್ನು ಮೇಲಿಂದ ಒಮ್ಮೆ ಮುಟ್ಟಿ ನೋಡಿಕೊಂಡ. 'ಬರ್ತೀನಿ' ಅಂದ. ಮೆಟ್ಟಿಲು ಇಳಿಯುವಾಗ, ತಿರುಗದೆ, 'ಆರೋಗ್ಯ ನೋಡ್ಕೊಳ್ಳಿ' ಅಂದ. ಪರಿಚಯವಾದ ದಿನದಿಂದ 'ನೀನು' ಅಂತಲೇ ಕರೆದು ಜಗಳವಾಡಿದವನು ಯಾರೋ ಗಿರಾಕಿಗೆ ಹೇಳುವ ಹಾಗೆ ಹೇಳಿ ಹೋದ. ಅವಳು ಒಳಗೆ ಬಂದು ಗೋಡೆಗೆ ಮುಖ ಮಾಡಿ ಅತ್ತಳು.

ಆಮೇಲೆ ಕಾದಳು. ಹೇಗೆ ಕಾದಳು ಅಂತೀರಿ! ಬಚ್ಚಲಿಗೆ ಹೋದರೂ ಫೋನು ಕೈಯಲ್ಲಿ.

'ಆ ಫೋನನ್ನ ಕಣ್ಣಲ್ಲೇ ತಿಂದುಬಿಡ್ತೀರಿ ಅತ್ತಿಗೆ' ಅಂತ ತಂಗಿ ಛೇಡಿಸಿದಳು.

'ಕೆಲಸದ್ದು ಕಣೇ. ಯಾವುದೋ ಫೋನ್ ಬರಬೇಕು.'

ಬಂದವು, ಬೇಕಾದಷ್ಟು. ಕಾಗದದ ಅಂಗಡಿಯವನದು, ಪದಸೂಚಿ ಎಲ್ಲಿಗೆ ಬಂತು ಅಂತ ಕೇಳುವ ಲೇಖಕರದು, ಸಾಲ ಬೇಕಾ ಮೇಡಂ ಅನ್ನುವವರದು. ಒಂದೊಂದು ಸಲವೂ ಜೀವ ಬಾಯಿಗೆ ಬಂದು, ಹಾಗೇ ಹಿಂದಕ್ಕೆ ಇಳಿಯುತ್ತಿತ್ತು. ಅಲ್ಲಿ ಇನ್ನೂ ಗಣಿತದ ಪುಸ್ತಕ ಸಿಕ್ಕಿರಲಿಕ್ಕಿಲ್ಲ ಅಂದುಕೊಂಡಳು. ಇದರ ನಡುವೆ ಹೊಸದಾಗಿ ಕೆಲಸ ಕೊಟ್ಟಿದ್ದ ವಿಜ್ಞಾನ ಪತ್ರಿಕೆಯೊಂದರವರು ಕೋಷ್ಟಕದ ಹೆಸರು ಮೇಲೆ ಬೇಡ, ಕೆಳಗೆ ಬರಲಿ ಅಂದರು. ಡಬ್ಬಿಯಲ್ಲಿ ಒಂದು ಸಾಲು ಸೇರಿಸಿದ್ದರೆ ಮುಗಿಯುತ್ತಿತ್ತು. ಅವಳು ಸೇರಿಸಲಿಲ್ಲ. ಒಂದೊಂದು ಕೋಷ್ಟಕವನ್ನೂ ಕೈಯಿಂದ ತಿದ್ದುತ್ತ ಕೂತಳು. ಅವನು ಹೋದಮೇಲೆ ಡಬ್ಬಿಯಲ್ಲಿ ಒಂದು ಚುಕ್ಕೆಯೂ ಬದಲಾಗಿರಲಿಲ್ಲ. ಕೂಗಿದರೆ ಓಗೊಡುವವರು ಯಾರು?

ಬೇಸಿಗೆ ಕಳೆದಮೇಲೆ ಒಂದು ದಿನ ತಂಗಿ ಚೀಲದಿಂದ ಪುಸ್ತಕ ತೆಗೆದು ಮೇಜಿನ ಮೇಲಿಟ್ಟಳು. 'ಅಣ್ಣ ನನಗೆ ಕಳಿಸಿದಾನೆ. ಅಲ್ಲಿ ಅವನು ಮಾಡಿದ ಮೊದಲನೇದಂತೆ. ತೋರಿಸ್ಬೇಕೋ ಬೇಡವೋ ಅಂತ ಗೊತ್ತಾಗ್ಲಿಲ್ಲ.'

ಗಣಿತದ ಪುಸ್ತಕ. ತೆರೆದಳು. ಪುಟದ ತುಂಬ ಸಮೀಕರಣ, ಒಂದಾದಮೇಲೊಂದು, ಯಾವುದೂ ಎಲ್ಲೂ ನಿಂತಿರಲಿಲ್ಲ. ಅವಳಿಗೆ ಓದಬೇಕಾಗಿರಲಿಲ್ಲ, ಬಿಳಿಯನ್ನು ನೋಡಿದರೆ ಸಾಕಾಗಿತ್ತು. ಉಸಿರಿನ ಜಾಗದಲ್ಲಿ ಅವನು ಎಲ್ಲ ಕಡೆಗೂ ಒಂದೇ ಅಳತೆ ಕೊಟ್ಟುಬಿಟ್ಟಿದ್ದ. ಗಿಡ್ಡ ಸಾಲಿನ ಕೆಳಗೆ ಬಾವಿಯಷ್ಟು ತೆರವು, ತುಂಬಿದ ಪುಟದಲ್ಲಿ ಸಮೀಕರಣದ ತಲೆ ಮೇಲಿನ ಸಾಲಿಗೆ ಒತ್ತಿಕೊಂಡಿತ್ತು. ಅವನಿಗೆ ಇದು ಕಾಣದೆ ಇರುತ್ತದೆಯೇ? ಯಾವನಿಗೆ ಕಾಣದಿದ್ದರೂ ಅವನಿಗೆ ಕಾಣುತ್ತದೆ. ಕಂಡೂ, ಅನ್ನ ಇಳಿಯದಿದ್ದರೂ, ಹಾಗೇ ಅಚ್ಚಿಗೆ ಬಿಟ್ಟಿದ್ದ. ಕೂದಲೆಳೆ ಇಡೀ ಪುಸ್ತಕವನ್ನು ಓರೆಕೋರೆಯಾಗಿ ಕಳಿಸಿದ್ದ, ಅವಳನ್ನು ಕೇಳಬೇಕಾಗುತ್ತದೆ ಅಂತ.

'ಒಂದು ಮಾತು ಹೇಳ್ಲಾ ಅತ್ತಿಗೆ?' ತಂಗಿಯ ಕಣ್ಣು ಆಗಲೇ ಒದ್ದೆಯಾಗಿತ್ತು. 'ಬೇಸಿಗೇಲೇ ಫೋನ್ ಮಾಡಿದ್ದ ನನಗೆ. ಡಬ್ಬೀಲಿ ಒಂದು ಇಲ್ಲ ಅಂದ. ಅತ್ತಿಗೆ ಮರೆತಿರ್ಬೇಕು, ಕೇಳು ಅಂದೆ. ಅವಳು ಮರೆಯೋಳಲ್ಲ, ಬಿಟ್ಟಿದಾಳೆ ಅಂದ.'

'ಆಮೇಲೆ?'

'ಕೇಳೋದಕ್ಕೇನು ಧಾಡಿ ನಿನಗೆ ಅಂತ ಬೈದೆ. ಅದಕ್ಕೆ...' ತಂಗಿ ಸೆರಗಿನಿಂದ ಮೂಗು ಒರೆಸಿಕೊಂಡಳು. 'ಒಂದ್ಸಲ ಕೇಳಿದ್ರೆ ಅವಳು ಕಾಯೋದು ಬಿಡಲ್ಲ, ಅದಕ್ಕೇ ಕೇಳಲ್ಲ ಅಂದ. ಪುಸ್ತಕ ಕೆಟ್ರೆ ಕೆಡ್ಲಿ ಅಂದ. ಹೇಳ್ಬೇಡ ಅಂದಿದ್ದ. ನೀವು ಫೋನ್ ನೋಡ್ತಾ ಕೂರೋದನ್ನ ಇನ್ನು ನನ್ನ ಕೈಲಿ ನೋಡಕ್ಕಾಗಲ್ಲ.'

ಅವಳು ಪುಸ್ತಕ ಮುಚ್ಚಿದಳು. ಅದರ ಮೇಲೆ ಅಂಗೈ ಇಟ್ಟಳು. ಅವಳು ಹೇಳದೆ ಬಿಟ್ಟ ಒಂದೇ ಒಂದು ಮಾತು ಅವನಿಗೆ ಪೂರ್ತಿಯಾಗಿ ಕೇಳಿಸಿತ್ತು.

'ಚೆನ್ನಾಗಿ ಮಾಡಿದಾನೆ' ಅಂದಳು. 'ಒಳಗಿಡು ಹೋಗು.'

ತಂಗಿ ಆಚೆಯ ಕೋಣೆಗೆ ಹೋಗಿ ಪ್ರೂಫಿನ ಮುಂದೆ ಕೂತಳು. ಈಚೆ ಅವಳು ಡಬ್ಬಿ ತೆರೆದಳು. ಕೋಷ್ಟಕದ ಮ್ಯಾಕ್ರೋ ಹುಡುಕಿ, ಇಷ್ಟು ದಿನ ಸೇರಿಸದೆ ಉಳಿಸಿದ್ದ ಆ ಸಾಲನ್ನು ಸೇರಿಸಿದಳು. ಸೇವ್ ಮಾಡಲು ಬೆರಳು ಎತ್ತಿದಳು. ಅಷ್ಟರಲ್ಲಿ ಬಾಯಿ ತಾನಾಗಿ ತೆರೆದುಕೊಂಡಿತು.

'ಕೋಷ್ಟಕ! ಬದಲಾಯ್ತು!'

ಬಾಗಿಲ ಕಡೆ ನೋಡಿದಳು. ಕೆಳಗಡೆ ಬೀದಿಯಲ್ಲಿ ಯಾರೋ ಸ್ಕೂಟರನ್ನು ಒದ್ದು ಒದ್ದು ಶುರುಮಾಡುತ್ತಿದ್ದರು.

'ಕರೆದ್ರಾ ಅತ್ತಿಗೆ?' ಅಂತ ತಂಗಿ ಆಚೆಯಿಂದ ಕೇಳಿದಳು.

'ಇಲ್ಲ ಕಣೇ. ನಿನ್ನನ್ನಲ್ಲ.'

ಇನ್ನೂ ಒಂದು ಗಳಿಗೆ ಕಾದಳು. ಆಮೇಲೆ, ಯಾರೂ 'ಕೇಳಿಸ್ತು' ಅನ್ನದೆಯೇ, ಸೇವ್ ಮಾಡಿದಳು.