ಗೇಟಿನಲ್ಲಿ ಇಳಿಯದ ಗೋಪಾಲಪ್ಪ

ಗೋಪಾಲಪ್ಪನವರ ನಡಿಗೆಯನ್ನು ಒಮ್ಮೆ ಕಂಡವರು ಮರೆಯುವುದು ಕಷ್ಟವಾಗಿತ್ತು. ಒಂದು ಹೆಜ್ಜೆ ಗಿಡ್ಡ, ಮುಂದಿನದು ಉದ್ದ, ಮತ್ತೆ ಗಿಡ್ಡ. ಟಾರು ರಸ್ತೆಯಲ್ಲಾಗಲಿ, ಮದುವೆಮನೆಯ ಜಮಖಾನದ ಮೇಲಾಗಲಿ, ಕಾಲ ಕೆಳಗೆ ಅಡ್ಡಪಟ್ಟಿಗಳಿವೆಯೋ ಎಂಬಂತೆ ನೆಲವನ್ನೇ ದಿಟ್ಟಿಸುತ್ತ ನಡೆಯುತ್ತಿದ್ದರು. ರೈಲುಹಳಿಯ ಮೇಲೆ ನಡೆದವರಿಗೆ ಇದರ ಮೂಲ ಗೊತ್ತು. ಹಳಿಯ ಕೆಳಗೆ ಅಡ್ಡಲಾಗಿ ಸ್ಲೀಪರು ದಿಮ್ಮಿ ಹಾಸಿದವರು ಮನುಷ್ಯನ ಹೆಜ್ಜೆಯನ್ನು ಲೆಕ್ಕಕ್ಕೆ ಹಿಡಿದಿರುವುದಿಲ್ಲ; ಒಂದೊಂದರ ಮೇಲೂ ಕಾಲಿಟ್ಟರೆ ತೀರ ಹತ್ತಿರ, ಒಂದನ್ನು ಬಿಟ್ಟು ದಾಟಿದರೆ ತೀರ ದೂರ.

ಕೃಷ್ಣರಾಜಪುರದ ಕಡೆಯ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಅವರು ಫಿಟ್ಟರು. ಸಂಜೆ ಬಂಗಾರಪೇಟೆ ಪ್ಯಾಸೆಂಜರು ಹಿಡಿದು ಊರಿಗೆ ಮರಳುವುದು. ಊರಿರುವುದು ವೈಟ್‌ಫೀಲ್ಡ್ ಸ್ಟೇಷನ್ನಿಗೆ ಮುಂಚೆ, ರಸ್ತೆ ಹಳಿ ದಾಟುವ ಗೇಟಿನ ಪಕ್ಕ. ಅಲ್ಲಿ ರೈಲಿಗೆ ನಿಲುಗಡೆಯಿಲ್ಲ, ಆದರೂ ಆ ಕಾಲದಲ್ಲಿ ದಿನವೂ ನಿಲ್ಲುತ್ತಿತ್ತು. ಊರವರಲ್ಲಿ ಯಾರಾದರೊಬ್ಬರು ಅಪಾಯದ ಚೈನು ಎಳೆಯುತ್ತಿದ್ದರು. ಜನ ದುಡುದುಡು ಇಳಿಯುವರು, ಗಾರ್ಡು ಬೈಯುವರು, ರೈಲು ಹೊರಡುವುದು. ಗೋಪಾಲಪ್ಪನವರು ಮಾತ್ರ ಇಳಿಯರು. ತಮ್ಮ ಮನೆಯ ಹೆಂಚಿನ ಸಂದಿಯಿಂದ ಏಳುವ ಹೊಗೆ ಕಿಟಕಿಯಲ್ಲಿ ಕಾಣುತ್ತಿದ್ದರೂ, ಮಾಸಿದ ನೀಲಿ ಕೋಟಿನ ಜೇಬುಗಳಲ್ಲಿ ಎರಡೂ ಕೈ ತುರುಕಿಕೊಂಡು ಕುಳಿತಿದ್ದು, ಸ್ಟೇಷನ್ನಿನಲ್ಲಿ ಇಳಿದು, ಅಷ್ಟು ದೂರವನ್ನೂ ಹಳಿಯ ಮೇಲೆ ಹಿಂದಕ್ಕೆ ನಡೆದು ಬರುವರು.

"ಸ್ಟೇಷನ್‌ ಹತ್ರ ಯಾರನ್ನೋ ಮಡಗವ್ರೆ ಕಣ್ರೋ," ಎಂದು ಜೊತೆಗಾರ ಚಿನ್ನಪ್ಪ ಬಾಗಿಲಲ್ಲಿ ನೇತಾಡುತ್ತಲೇ ಕೂಗುತ್ತಿದ್ದ. "ಅತ್ತಿಗೆಗೆ ಹೇಳ್ಬಿಡ್ಲಾ ಗೋಪಾಲಣ್ಣಾ?"

"ಹೇಳೋಗು. ಅವಳಿಗೂ ಒಂದಿನ ನೆಮ್ಮದಿಯಾಗಿ ಬೈಯೋಕೆ ಏನಾದ್ರೂ ಸಿಗಲಿ."

ನಗುನಗುತ್ತಲೇ ಹೇಳುವರು, ಕೈ ಮಾತ್ರ ಜೇಬಿನಿಂದ ಆಚೆ ಬಾರದು.

ಒಂದು ಕಾಲಕ್ಕೆ ಆ ರೈಲಿಗೆ ಅವರೇ ಯಜಮಾನರು. ನಾಲ್ವರ ಮೊಣಕಾಲ ಮೇಲೆ ಟವಲು ಹರಡಿ ಇಸ್ಪೀಟು ಆಡಿಸುವವರು ಅವರು; ಕಿಟಕಿಯ ಸರಳಿಗೆ ಹಾಲಿನ ಕ್ಯಾನು ನೇತುಹಾಕಿ ಎಲ್ಲರ ಬಟ್ಟೆಗೂ ಹಾಲು ಸಿಡಿಸುವವರೊಡನೆ ಜಗಳ ತೆಗೆದು, ಕೊನೆಗೆ ಅವರಿಗೇ ಬೀಡಿ ಕೊಟ್ಟು ರಾಜಿಯಾಗುವವರು ಅವರು; ಮಾಲೂರಿನ ಹೂವಿನ ಹೆಂಗಸರಿಗೆ, "ಬುಟ್ಟಿಗೊಂದು ಸೀಟು, ನಿಮಗೊಂದು ಸೀಟು, ನಾವೇನು ಚಾವಣಿಗೆ ನೇತುಬೀಳೋದಾ?" ಎನ್ನುತ್ತಲೇ ಎದ್ದು ಜಾಗ ಬಿಡುವವರೂ ಅವರೇ. ಗೇಟು ಬಂತೆಂದರೆ ಇಸ್ಪೀಟಿನ ಎಲೆ ಕೆಳಗಿಟ್ಟು, ಕಣ್ಣೆತ್ತಿ ನೋಡದೆ, ಬಲಗೈ ಮೇಲೆ ಮಾಡಿ ಚೈನು ಎಳೆಯುತ್ತಿದ್ದರು. ದಿನವಿಡೀ ಯಂತ್ರದ ಮುಂದೆ ನಿಂತವನಿಗೆ, ತನ್ನ ಒಂದು ಕೈಗೆ ಇಡೀ ರೈಲು ನಿಲ್ಲುವುದು ಎಂಥ ಸುಖ!

ಒಂದು ಸಂಜೆ ಅವರು ಹಾಗೆ ಎಳೆದಾಗ ರೈಲು ರಸ್ತೆಗೆ ಸರಿಯಾಗಿ ಅಡ್ಡವಾಗಿ ನಿಂತಿತು. ಎಲ್ಲರೂ ಊರಿಗೆ ಎದುರು ಬದಿಯಲ್ಲಿ, ಟೀ ಅಂಗಡಿಯ ಕಡೆಗೆ, ಇಳಿದರು. ದಿನವೂ ಬೈದು ಬೈದು ಬೇಸತ್ತಿದ್ದ ಗಾರ್ಡು ಅಂದು ಹಟ ಹಿಡಿದರು.

"ಎಳೆದೋನು ಯಾರು ಹೇಳ್ರೀ. ಹೇಳೋವರೆಗೂ ಗಾಡಿ ಹೊರಡಲ್ಲ."

ಎಳೆದವನ ಹೆಸರನ್ನು ಬೇರೆ ಯಾರೂ ಹೇಳಬಾರದೆಂಬುದು ಆ ಜನರ ನಡುವಿನ ಕಟ್ಟಳೆ. ಗೋಪಾಲಪ್ಪನವರು ಟೀ ಲೋಟ ಹಿಡಿದು, ರೈಲನ್ನೇ ಕಾಣದವರಂತೆ ನಿಂತಿದ್ದರು. ಹೊತ್ತು ಹೋಯಿತು. ಗೇಟು ಮುಚ್ಚಿಯೇ ಇತ್ತು. ಆಚೆ ಬದಿಯಿಂದ, ಬೋಗಿಗಳ ಮರೆಯಲ್ಲಿ, ಹೆಂಗಸಿನ ಕೂಗು ಕೇಳಿತು:

"ಯಾರ್ರಪ್ಪಾ ರೈಲು ನಿಲ್ಸಿರೋರು? ಬುಡ್ಸ್ರಪ್ಪಾ, ಅವಸರ ಐತೆ!"

ಗೋಪಾಲಪ್ಪನವರು ಟೀ ಗುಟುಕರಿಸಿ ಕೂಗಿದರು: "ಅಷ್ಟು ಅವಸರ ಇದ್ರೆ ಕೆಳಗೆ ತೂರ್ಕೊಂಡು ಬಾರಕ್ಕಾ!"

ಅಂಗಡಿಯೇ ನಕ್ಕಿತು. ಆ ನಗು ಮುಗಿಯುವ ಮುನ್ನ, ಮುದುಕಿಯೊಬ್ಬಳು ನಿಜವಾಗಿಯೂ ಚಕ್ರಗಳ ನಡುವೆ ತೂರಿ, ಜಲ್ಲಿಕಲ್ಲಿನ ಮೇಲೆ ಕೈಯೂರಿ, ಸೆರಗಿಗೆ ಮಸಿ ಬಳಿದುಕೊಂಡು ಈಚೆ ಬಂದಳು. ಅವರ ಕೇರಿಯವಳೇ ಆದ ಮುನಿಯಕ್ಕ.

"ಗೋಪಾಲಪ್ಪಾ, ನೀನಿದ್ದೀಯಾ! ದ್ಯಾವ್ರಂಗೆ ಸಿಕ್ದೆ ಕಣಪ್ಪಾ. ಸೊಸೆ ಗಾಡೀಲಿ ಒದ್ದಾಡ್ತಾವ್ಳೆ. ನಿನ್ ಮಾತು ಕೇಳ್ತಾರೆ, ಯೋನಾದ್ರೂ ಮಾಡು!"

ಅವರ ಕೈಯಲ್ಲಿದ್ದ ಲೋಟ ಎಲ್ಲಿ ಬಿತ್ತೋ. ರೈಲಿನ ಒಂದು ಬಾಗಿಲಲ್ಲಿ ಹತ್ತಿ ಇನ್ನೊಂದರಲ್ಲಿ ಧುಮುಕಿದರು. ಎತ್ತಿನ ಗಾಡಿಯ ಹುಲ್ಲಿನ ಮೇಲೆ ತುಂಬು ಬಸುರಿ ಪಿಳ್ಳಮ್ಮ ಹಲ್ಲು ಕಚ್ಚಿ ಮಲಗಿದ್ದಳು. ಗಾರ್ಡಿಗೆ ಕೈ ಮುಗಿದರು; ಅವಳನ್ನು ಕಂಬಳಿಯಲ್ಲಿ ಎತ್ತಿ ರೈಲಿಗೇ ಹತ್ತಿಸಿದರು; ವೈಟ್‌ಫೀಲ್ಡಿನಲ್ಲಿ ಇಳಿಸಿ ಜಟಕಾದಲ್ಲಿ ಆಸ್ಪತ್ರೆ ಮುಟ್ಟಿಸಿದರು. ಆ ಗಡಿಬಿಡಿಯಲ್ಲಿ ಎಳೆದವರು ಯಾರೆಂದು ಯಾರೂ ಮತ್ತೆ ಕೇಳಲಿಲ್ಲ, ಅವರೂ ಹೇಳಲಿಲ್ಲ.

ತಾಯಿ ಉಳಿದಳು. ಮಗು ಉಳಿಯಲಿಲ್ಲ. ಇನ್ನೂ ಮುಂಚೆ ಬಂದಿದ್ದರೆ ಉಳಿಯುತ್ತಿತ್ತೇ ಎಂದು ಕೇಳಲು ಗೋಪಾಲಪ್ಪನವರು ಆಸ್ಪತ್ರೆಯ ಬಾಗಿಲವರೆಗೂ ಹೋದರು, ಕೇಳದೆ ಮರಳಿದರು. ಅಂದಿನಿಂದ ಚೈನಿಗೆ ಕೈ ಹಚ್ಚಲಿಲ್ಲ, ಗೇಟಿನಲ್ಲಿ ಇಳಿಯಲೂ ಇಲ್ಲ.

ಬೈದಿದ್ದರೆ ತಡೆದುಕೊಳ್ಳುತ್ತಿದ್ದರು. ಆದರೆ ಊರೆಲ್ಲ ಹೊಗಳಿತು. "ಗೋಪಾಲಪ್ಪ ಇಲ್ದಿದ್ರೆ ದೊಡ್ಡ ಜೀವಾನೂ ಓಗ್ತಿತ್ತು," ಎಂದು ಮುನಿಯಕ್ಕ ನೀರಿನ ಕೊಳಾಯಿಯ ಬಳಿ ಹಾಡಿಕೊಂಡಳು. ಯುಗಾದಿಗೆ ಮೊದಲ ಹೋಳಿಗೆ ಅವರ ಮನೆಗೆ. ಅವರು ಅದನ್ನು ಹಿತ್ತಲಲ್ಲಿ ಹಸುವಿನ ಬಾಯಿಗಿಡುತ್ತಿದ್ದರಂತೆ. ಹೆಂಡತಿ ಕೇಳಿದರೆ, ಸಿಹಿ ಸೇರುವುದಿಲ್ಲ ಎನ್ನುತ್ತಿದ್ದರಂತೆ.

ಮುಂದೆ ಪಿಳ್ಳಮ್ಮನಿಗೆ ಗಂಡು ಮಗುವಾಯಿತು. ತೊಟ್ಟಿಲ ಶಾಸ್ತ್ರದ ದಿನ ಮುನಿಯಕ್ಕ ಅವರನ್ನು ಎಲ್ಲರ ನಡುವೆ ಕೂರಿಸಿ, ಮಗುವನ್ನು ತೊಡೆಗೆ ಹಾಕಿ, "ಇವನ್ದೇ ಎಸ್ರು ಇಡೋದು," ಎಂದಳು. ಮಗು ಅವರ ಬಲಗೈ ಬೆರಳನ್ನು ಹಿಡಿದುಕೊಂಡಿತು. ಆಗ ಅವರ ಬಾಯಿಂದ ಮಾತು ಹೊರಟಿತು.

"ಬೇಡ ಮುನಿಯಕ್ಕಾ. ಆವತ್ತು ಚೈನ್ ಎಳೆದೋನು ನಾನೇ. ಗಾರ್ಡು ಕೇಳ್ದಾಗ ಬಾಯಿ ಬಿಡ್ಲಿಲ್ಲ. ನಿನ್ನನ್ನ ತೂರ್ಕೊಂಡು ಬಾ ಅಂದೋನೂ ನಾನೇ."

ಮುನಿಯಕ್ಕ ಗಲ್ಲಕ್ಕೆ ಕೈ ಹಚ್ಚಿ ನಕ್ಕಳು. "ನೋಡ್ರಮ್ಮಾ, ಒಗಳಿದ್ರೆ ನಾಚ್ಕೆ ಇವನಿಗೆ! ಯಾವನೋ ಮಾಡಿದ್ನ ತನ್ ತಲೆ ಮ್ಯಾಲೆ ಆಕ್ಕೊಂತಾನೆ. ಇಂಥೋರು ಎಲ್ಲವ್ರೆ ಈಗ?" ನೆರೆದವರೆಲ್ಲ ತಲೆದೂಗಿದರು. ತಪ್ಪೊಪ್ಪಿಗೆಯೂ ಹೊಗಳಿಕೆಯ ಗುಡ್ಡೆಗೇ ಸೇರಿತು.

ಪಿಳ್ಳಮ್ಮ ಮಾತ್ರ ನಗಲಿಲ್ಲ. ಬಳಿ ಬಂದು ಬಗ್ಗಿದಳು.

"ನಾನು ಗಾಡೀಲಿ ಮಲಗಿದ್ನಲ್ಲಣ್ಣ," ಎಂದಳು, ಅವರೊಬ್ಬರಿಗೇ ಕೇಳುವಷ್ಟು ಮೆಲ್ಲಗೆ. "ದನಿ ಆವತ್ತೇ ಗೊತ್ತಾಗಿತ್ತು."

ಮಗುವಿನ ಮುಷ್ಟಿಯನ್ನು ಅವರ ಬೆರಳಿನಿಂದ ಜೋಪಾನವಾಗಿ ಬಿಡಿಸಿ, ಎತ್ತಿಕೊಂಡು ಒಳಗೆ ಹೋದಳು.

ಆಮೇಲೆ ಗೋಪಾಲಪ್ಪನವರು ತಮ್ಮನ್ನು ಹೊಗಳುವವರ ಬೀದಿಗಳನ್ನೆಲ್ಲ ತಪ್ಪಿಸಿಕೊಂಡು ತಿರುಗಿದರು, ಮುನಿಯಕ್ಕ ಮನೆಯಲ್ಲಿಲ್ಲದ ಹೊತ್ತು ನೋಡಿ ಪಿಳ್ಳಮ್ಮನ ಬಾಗಿಲಲ್ಲಿ ಮಾತ್ರ ನಿಂತು, "ಮಗು ಹೆಂಗಿದೆಯಮ್ಮಾ?" ಎಂದು ಕೇಳುತ್ತಿದ್ದರು. ಅವಳು ತಲೆಯೆತ್ತದೆ, "ಚೆನ್ನಾಗವ್ನೆ," ಎನ್ನುತ್ತಿದ್ದಳು. ಅಷ್ಟೇ ಮಾತು. ಬೈಸಿಕೊಳ್ಳಬೇಕಾದ ಕಡೆ ಹೊಗಳಿಸಿಕೊಂಡ ಇಂಥವರು ಎಲ್ಲ ಊರುಗಳಲ್ಲೂ ಒಬ್ಬಿಬ್ಬರು ಇರುತ್ತಾರೆ. ಅವರನ್ನು ಒಳ್ಳೆಯವರೆನ್ನುವ ನೂರು ಮನೆಗಳಲ್ಲಿ ಅವರಿಗೆ ಕೂರಲಾಗುವುದಿಲ್ಲ; ಅವರು ಏನೆಂದು ಬಲ್ಲ ಒಂದೇ ಒಂದು ಮನೆಯ ಹೊಸ್ತಿಲ ಹೊರಗೆ, ಯಾರೂ ಒಳಗೆ ಕರೆಯದಿದ್ದರೂ, ತಲೆತಗ್ಗಿಸಿ ಒಂದಿಷ್ಟು ಹೊತ್ತು ನಿಂತು ಹೋಗುವುದೇ ಅವರಿಗೆ ಹಗುರ.